ಪದಚರ್ಚೆ: ‘ಕಹಾಲ್ ಕೋಶ’ವನ್ನು ನರಕೋಶ ಅನ್ನಬಹುದೇ?

ನಮಸ್ಕಾರ. ಸಕ್ಕರೆ ಬೇನೆಯವರ ಹೊಟ್ಟೆ ತೊಂದರೆ ಕುರಿತ ಕೈಪಿಡಿಯೊಂದು ಧಾರವಾಡದಲ್ಲಿ ಕನ್ನಡಕ್ಕೆ ಬರುತ್ತಿದೆ. ಓದುವವರು ಹಳ್ಳಿಯ ಆಶಾ ಕಾರ್ಯಕರ್ತೆಯರು. ‘ಇಂಟರ್‌ಸ್ಟಿಷಿಯಲ್ ಸೆಲ್ಸ್ ಆಫ್ ಕಹಾಲ್’ (ಜಠರ, ಕರುಳಿನ ಗೋಡೆಯಲ್ಲಿರುವ ಒಂದು ಬಗೆಯ ಕೋಶಗಳು) ಎಂಬುದಕ್ಕೆ ಕರಡಿನಲ್ಲಿ ‘ಕಾಜಲ್ ಅಂತರಾಳ ನರಕೋಶ’ ಎಂದಿದೆ. ಆ ಕೋಶಗಳ ವಿದ್ಯುತ್ ಮಿಡಿತವಾದ ‘ಸ್ಲೋ ವೇವ್’ಗೆ ‘ಮಂದ ತರಂಗ’, ಜಠರ ತಡವಾಗಿ ಖಾಲಿಯಾಗುವ ‘ಗ್ಯಾಸ್ಟ್ರೋಪರೇಸಿಸ್’ಗೆ ‘ಜಠರ ಪಾರ್ಶ್ವವಾಯು’ ಎಂದಿದೆ. ತಿಳಿದವರು ತಿದ್ದಬೇಕು.

*

ಮೇಡಂ, ಹುಬ್ಬಳ್ಳಿಯಿಂದ ಉತ್ತರ. ಮೂರೂ ಪದ ದಾರಿ ತಪ್ಪಿಸ್ತಾವ್ರೀ.

ಮೊದಲು ಹೆಸರು. ಸಾಂತಿಯಾಗೊ ರಾಮೋನ್ ಇ ಕಹಾಲ್ (1852–1934) ಸ್ಪೇನಿನವರು, 1906ರ ನೊಬೆಲ್ ಪಡೆದವರು. ಈ ಕೋಶಗಳಿಗೆ ಅವರದೇ ಹೆಸರು. ಸ್ಪ್ಯಾನಿಷ್ ಉಚ್ಚಾರ ಕಹಾಲ್. ‘ಕಾಜಲ್’ ಎಂದರೆ ನಮ್ಮವರಿಗೆ ಕಣ್ಣಿನ ಕಾಡಿಗೆಯೇ ನೆನಪಾಗುವುದು.

‘ನರಕೋಶ’ ಬೇಡವೇ ಬೇಡ. ಕಹಾಲ್ ಅವರೇ ಇವನ್ನು ಒಂದು ಬಗೆಯ ಸರಳ ನರಕೋಶ ಎಂದುಕೊಂಡಿದ್ದರು, ಆದರೆ ಅದು ನಿಲ್ಲಲಿಲ್ಲ. ಭ್ರೂಣದಲ್ಲಿ ಇವು ಹುಟ್ಟುವುದು ನರಗಳ ಮೂಲದಿಂದಲ್ಲ, ಜಠರದ ಸ್ನಾಯು ಹುಟ್ಟುವ ಪದರದಿಂದ. ಈ ಕೋಶಗಳ ಮೈಮೇಲೆ ‘ಕಿಟ್’ ಎಂಬ ಗ್ರಾಹಕ ಪ್ರೋಟೀನು ಇರುತ್ತದೆ. ಪ್ರಯೋಗಶಾಲೆಯಲ್ಲಿ ಇವನ್ನು ಹೆಚ್ಚಾಗಿ ಗುರುತಿಸುವುದು ಅದರಿಂದಲೇ.

ಕೆಲಸ ಎರಡು ಬಗೆಯದು, ಪದ ಆರಿಸುವಾಗ ಇದೇ ಮುಖ್ಯ. ಜಠರದ ಉದ್ದ ಮತ್ತು ಸುತ್ತು ಸ್ನಾಯುಪದರಗಳ ನಡುವೆ ಬಲೆಯಂತೆ ಹರಡಿದ ಕೋಶಗಳು ತಾವಾಗಿಯೇ ವಿದ್ಯುತ್ ಮಿಡಿತ ಹುಟ್ಟಿಸುತ್ತವೆ: ಜಠರದಲ್ಲಿ ನಿಮಿಷಕ್ಕೆ ಸುಮಾರು 3, ಸಣ್ಣ ಕರುಳಿನ ಮೊದಲ ಭಾಗದಲ್ಲಿ ಸುಮಾರು 12. ಸ್ನಾಯುಕಟ್ಟುಗಳ ಒಳಗೇ ಹೊಕ್ಕು ಕೂತ ಇನ್ನೊಂದು ಗುಂಪಿನ ಪಕ್ಕದಲ್ಲೇ ನರದ ತುದಿಗಳಿರುತ್ತವೆ. ನರ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬಿಟ್ಟರೆ ‘ಹಿಂಡು’, ನೈಟ್ರಿಕ್ ಆಕ್ಸೈಡ್ ಬಿಟ್ಟರೆ ‘ಸಡಿಲಿಸು’. ಆ ಮಾತನ್ನು ನರ ನೇರವಾಗಿ ಸ್ನಾಯುವಿಗೂ ಹೇಳುತ್ತದೆ, ಈ ಕೋಶಗಳ ಮೂಲಕವೂ ಮುಟ್ಟಿಸುತ್ತದೆ. ಆದ್ದರಿಂದ ‘ಪೇಸ್‌ಮೇಕರ್ ಕೋಶ’ (ಮಿಡಿತ ಹುಟ್ಟಿಸುವ ಕೋಶ) ಎಂದರೆ ಮೊದಲ ಗುಂಪಿಗಷ್ಟೇ ಸಲ್ಲುತ್ತದೆ. ಧಾರವಾಡದ ಕಿವಿಗೆ ಹೇಳುವುದಾದರೆ ಠೇಕಾ ಕೋಶಗಳದ್ದು, ಹಾಡು ನರದ್ದು. ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ಎಂದು ಹಾಡುಗಾರ ನೋಡಿಕೊಳ್ಳುತ್ತಾನೆ. ಅವನು ಸುಮ್ಮನಾದರೂ ಠೇಕಾ ನಿಲ್ಲದು.

‘ಇಂಟರ್‌ಸ್ಟಿಷಿಯಲ್’ ಎಂದರೆ ನಡುವಿನ ಜಾಗದ್ದು. ಆದರೆ ‘ಅಂತರಾಳ’ ಎಂದರೆ ಕನ್ನಡದಲ್ಲಿ ಮನಸ್ಸಿನ ಆಳ. ‘ಸಂಧಿ’ ಎಂದರೆ ಕೀಲುನೋವಿನ ಕಡೆ ಹೋಗುತ್ತದೆ. ‘ತೆರಪಿಲ್ಲದ ಮಳೆ’ ಅನ್ನುತ್ತೇವಲ್ಲ, ಆ ‘ತೆರಪು’ ತಗೊಳ್ಳಿ: ‘ಕಹಾಲ್ ತೆರಪುಕೋಶ’.

‘ಮಂದ’ ಬಿಡಿ. ‘ಮಂದಾಗ್ನಿ’ ಕೇಳಿ ಬೆಳೆದವರಿಗೆ ಅದು ರೋಗದ ಹೆಸರಾಗಿ ಕಾಣುತ್ತದೆ, ಆದರೆ ಇದು ಆರೋಗ್ಯದ ಲಕ್ಷಣ. ‘ನಿಧಾನ ವಿದ್ಯುತ್ ಅಲೆ’ ಎನ್ನಿ. ‘ವಿದ್ಯುತ್’ ಕೈಬಿಟ್ಟರೆ ಜಠರದ ಕುಗ್ಗುವಿಕೆಯನ್ನೇ ಅಲೆ ಎಂದು ಓದಿಕೊಳ್ಳುತ್ತಾರೆ. ಅಲೆ ಎದ್ದಾಗಲೆಲ್ಲ ಸ್ನಾಯು ಬಲವಾಗಿ ಹಿಂಡುವುದಿಲ್ಲ.

‘ಪಾರ್ಶ್ವವಾಯು’ ಎಲ್ಲಕ್ಕಿಂತ ಅಪಾಯದ್ದು. ಪಾರ್ಶ್ವ ಎಂದರೆ ಮಗ್ಗುಲು. ಜನ ಲಕ್ವಾ ಹೊಡೀತು ಎಂದೇ ಹೆದರುತ್ತಾರೆ. ಇಲ್ಲಿ ಆಗುವುದು ಬೇರೆ: ಬಹುಕಾಲದ ಸಕ್ಕರೆ ಬೇನೆಯಲ್ಲಿ ತೆರಪುಕೋಶಗಳು ಕಡಿಮೆಯಾಗುತ್ತವೆ, ಮಿದುಳಿನಿಂದ ಜಠರಕ್ಕೆ ಬರುವ ವೇಗಸ್ ನರವೂ ಕೆಡುತ್ತದೆ, ಉಂಡದ್ದು ಬೇಗ ಕೆಳಗೆ ಇಳಿಯುವುದಿಲ್ಲ. ಗೊತ್ತುಮಾಡಿದ ಊಟ ಕೊಟ್ಟು ಸ್ಕ್ಯಾನ್ ಮಾಡಿದಾಗ 4 ಗಂಟೆಯ ನಂತರವೂ 10%ಕ್ಕಿಂತ ಹೆಚ್ಚು ಜಠರದಲ್ಲೇ ಉಳಿದಿದ್ದರೆ ತಡ ಎಂದು ಲೆಕ್ಕ. ‘ಜಠರದ ಜಡತೆ’ ಎಂದರೆ ಸಾಕು. ಕೈಪಿಡಿಯಲ್ಲಿ ಇದೊಂದು ಸಾಲು ಸೇರಿಸಿ: ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಿಕೊಂಡವರಲ್ಲಿ ಅನ್ನ ಕರುಳಿಗೆ ಇಳಿಯುವ ಮೊದಲೇ ಮದ್ದು ಕೆಲಸ ಮಾಡಿ ಸಕ್ಕರೆ ತೀರ ಇಳಿಯಬಹುದು. ಬೆವರು, ನಡುಕ ಕಂಡರೆ ‘ಈಗಷ್ಟೇ ಉಂಡಿದ್ದಾರಲ್ಲ’ ಎಂದು ಬಿಡಬಾರದು.

*

ಗದುಗಿನಿಂದ ಒಂದು ಸೇರ್ಪಡೆ. ಕರಡನ್ನು ಹಿಂದಿ ಪ್ರತಿ ನೋಡಿ ಮಾಡಿದ್ದರೆ ‘ಸ್ನಾಯು’ ಬಂದಲ್ಲೆಲ್ಲ ಮತ್ತೊಮ್ಮೆ ನೋಡಿರಿ. ಹಿಂದಿಯ ‘ಸ್ನಾಯು ತಂತ್ರ’ ಎಂದರೆ ನರವ್ಯೂಹ, ಬಂಗಾಳಿಯಲ್ಲೂ ಸ್ನಾಯು ಎಂದರೆ ನರ. ನಮ್ಮಲ್ಲಿ, ಮರಾಠಿಯಲ್ಲಿ ಅದು ಮಾಂಸಖಂಡ. ಇದಕ್ಕೆ ಸರಿಯಾಗಿ ನಮ್ಮ ಆಡುಮಾತಿನ ‘ನರ’ ರಕ್ತನಾಳಕ್ಕೂ ಸಲ್ಲುತ್ತದೆ. ‘ಸ್ನಾಯು ದುರ್ಬಲವಾಗಿ ಜಠರ ನಿಂತಿತು’ ಎಂಬ ವಾಕ್ಯ ಕರಡಿನಲ್ಲಿ ಇದ್ದರೆ, ಅಲ್ಲಿ ಕೆಟ್ಟದ್ದು ಯಾವುದು ಎಂದು ಮೂಲ ಇಂಗ್ಲಿಷಿನಲ್ಲಿ ನೋಡಿಯೇ ತಿದ್ದಬೇಕು.