‘ಅಕ್ಕಿ ಕೊಡೋದಾ, ದುಡ್ಡು ಕೊಡೋದಾ?’: ರೋಹಿಂಗ್ಯಾ ಶಿಬಿರದ ರೇಷನ್ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ಮೈಸೂರಿನ ಎಂಎಸ್‌ಡಬ್ಲ್ಯು ವಿದ್ಯಾರ್ಥಿ): ಮೇಡಂ, ನೀವು ಬಾಂಗ್ಲಾದೇಶದ ಕಾಕ್ಸ್ ಬಜಾರ್‌ನಲ್ಲಿ ರೋಹಿಂಗ್ಯಾ ನಿರಾಶ್ರಿತರ ರೇಷನ್ ಕೆಲಸ ನೋಡಿಕೊಳ್ಳುತ್ತಿದ್ದಿರಿ ಅಂತ ಗೊತ್ತಾಯಿತು. ಅಲ್ಲಿ ಜನ ಕೊಟ್ಟ ಅಕ್ಕಿಯನ್ನೇ ಹೊರಗೆ ಮಾರಿಕೊಳ್ಳುತ್ತಾರಂತೆ, ನಿಜವಾ? ಹಾಗಿದ್ದರೆ ಅಕ್ಕಿ ಬದಲು ದುಡ್ಡೇ ಕೊಟ್ಟುಬಿಟ್ಟರೆ ಆಗಲ್ವಾ?

ಉತ್ತರ: ನಿಜ, ಮಾರುತ್ತಾರೆ. ಮೊದಲ ಸಲ ಶಿಬಿರದ ಪಕ್ಕದ ಅಂಗಡಿಯಲ್ಲಿ ನಾವೇ ಹಂಚಿದ ಎಣ್ಣೆ ನೋಡಿದಾಗ ನನಗೂ ಸಿಟ್ಟು ಬಂದಿತ್ತು. ಆಮೇಲೆ ಒಂದು ಮನೆಯ ಒಲೆ ಮುಂದೆ ಕೂತು ಲೆಕ್ಕ ಕೇಳಿದೆ, ಸಿಟ್ಟು ಇಳಿಯಿತು.

2017ರ ಆಗಸ್ಟ್ 25ರ ನಂತರ ಮ್ಯಾನ್ಮಾರ್‌ನ ರಖೈನ್‌ನಿಂದ ಕೆಲವೇ ತಿಂಗಳಲ್ಲಿ 7 ಲಕ್ಷಕ್ಕೂ ಜಾಸ್ತಿ ರೋಹಿಂಗ್ಯಾ ಮುಸ್ಲಿಮರು ಗಡಿ ದಾಟಿ ಬಂದರು. ಆಗ ಹಂಚುತ್ತಿದ್ದದ್ದು ಮುಖ್ಯವಾಗಿ ಅಕ್ಕಿ, ಬೇಳೆ, ಎಣ್ಣೆ. ನೀವು ಈ ಮೂರನ್ನೇ ಇಟ್ಟುಕೊಂಡು ಒಂದು ತಿಂಗಳು ಅಡಿಗೆ ಮಾಡಿ ನೋಡಿ. ಉಪ್ಪಿಗೆ, ಮೆಣಸಿನಕಾಯಿಗೆ, ಮಗುವಿಗೆ ಜ್ವರ ಬಂದರೆ ಆಟೋಗೆ ಎಲ್ಲಿಂದ ತರುವುದು? ಹೊರಗೆ ಹೋಗಿ ದುಡಿಯೋಣ ಅಂದರೆ ಅಲ್ಲಿನ ಕಾನೂನು ಬಿಡುವುದಿಲ್ಲ. ಹಾಗಾಗಿ ಅವರ ಕೈಯಲ್ಲಿ ದುಡ್ಡು ಅಂತ ಇದ್ದದ್ದು ಅಕ್ಕಿಯೇ. ಕೊಳ್ಳುವವನು ಪೂರ್ತಿ ಬೆಲೆಯನ್ನೂ ಕೊಡುವುದಿಲ್ಲ, ಅಲ್ಲೂ ಅವರಿಗೇ ನಷ್ಟ.

ಇನ್ನೊಂದು, ಬಾಯಿರುಚಿ. ನಾನು ಉಡುಪಿ ಕಡೆಯವಳು, ನನಗೆ ಇದು ಬೇಗ ಅರ್ಥವಾಯಿತು. ರೋಹಿಂಗ್ಯಾಗಳಿಗೆ ಬೇಕಾದದ್ದು ಬೆಳ್ತಿಗೆ ಅಕ್ಕಿ, ಅಂದರೆ ಭತ್ತ ಬೇಯಿಸದೆ ಮಾಡಿದ್ದು, ಅಲ್ಲಿ ಆತಪ್ ಅನ್ನುತ್ತಾರೆ. ಬಾಂಗ್ಲಾದ ಉಳಿದ ಕಡೆ ಓಡುವುದು ಹೆಚ್ಚಾಗಿ ಕುಚ್ಚಲಕ್ಕಿ. ನಮ್ಮೂರಲ್ಲಿ ಕುಚ್ಚಲಕ್ಕಿ ಗಂಜಿ ಉಂಡು ಬೆಳೆದ ಅಜ್ಜಿಗೆ ಸೋನಾ ಮಸೂರಿ ಗಂಜಿ ಕೊಟ್ಟರೆ ಬಟ್ಟಲು ಆಚೆ ತಳ್ಳುತ್ತಾರೆ, ಅಲ್ಲಿ ಅದರ ಉಲ್ಟಾ, ಅಷ್ಟೇ.

ದುಡ್ಡಿನ ಪ್ರಶ್ನೆ. 2023ರಲ್ಲಿ ಅನ್ನಭಾಗ್ಯದ ಹೆಚ್ಚುವರಿ 5 ಕೆಜಿ ಅಕ್ಕಿ ಬದಲು ತಲೆಗೆ 170 ರೂಪಾಯಿ ಖಾತೆಗೆ ಬರುತ್ತಿತ್ತಲ್ಲ, ಆಗ ನಮ್ಮಲ್ಲೂ ಇದೇ ಚರ್ಚೆ ಆಗಿತ್ತು. ಅಲ್ಲಿ ಹಿಡಿದದ್ದು ಎರಡಕ್ಕೂ ಮಧ್ಯದ ದಾರಿ. ವಿಶ್ವ ಆಹಾರ ಕಾರ್ಯಕ್ರಮದವರು ಪ್ರತಿ ಕುಟುಂಬಕ್ಕೆ ಒಂದು ಕಾರ್ಡ್ ಕೊಟ್ಟರು. ತಿಂಗಳಿಗೊಮ್ಮೆ ತಲೆ ಎಣಿಸಿ ಅದಕ್ಕೆ ಮೊತ್ತ ಹಾಕುತ್ತಾರೆ. ಶಿಬಿರದೊಳಗೇ ಇರುವ ಅಂಗಡಿಗೆ ಹೋಗಿ ಅಕ್ಕಿ, ಬೇಳೆ, ಮೊಟ್ಟೆ, ಈರುಳ್ಳಿ, ಒಣಮೀನು, ಹೀಗೆ ಬೇಕಾದ್ದನ್ನು ತಗೊಳ್ಳಬಹುದು. ನಗದು ಸಿಗಲ್ಲ. ಅಂಗಡಿ ನಡೆಸುವವರು ಗುತ್ತಿಗೆ ಪಡೆದ ಬಾಂಗ್ಲಾ ವ್ಯಾಪಾರಿಗಳು. ಆಯ್ಕೆ ಬಂದ ಮೇಲೆ ಮಾರುವುದು ನಿಂತೇಹೋಯಿತು ಅಂತ ಹೇಳಲಾರೆ, ನಾನು ನೋಡಿದ ಬ್ಲಾಕ್‌ಗಳಲ್ಲಂತೂ ಕಡಿಮೆಯಾಯಿತು.

ಪ್ರಶ್ನೆ (ಹುಬ್ಬಳ್ಳಿ, ನ್ಯಾಯಬೆಲೆ ಅಂಗಡಿಯವರು): ಅಕ್ಕಾರ, ನಮ್ಮಲ್ಲಿ ಸರ್ವರ್ ಡೌನ್ ಆದ್ರ ಜನ ನಮಗ ಬೈತಾರ. ಅಲ್ಲಿ ಹೆಬ್ಬೆಟ್ಟು ಬರದಿದ್ರ ಏನ್ ಮಾಡ್ತಾರ? ಮತ್ತ ತಲಿಗೆ ಎಷ್ಟು ಸಿಗ್ತದ?

ಉತ್ತರ: ಅಣ್ಣಾ, ಬೈಗುಳ ಅಲ್ಲೂ ಇದೆ! ಒಲೆ ಕೆಲಸ, ಸೌದೆ ಕೆಲಸ ಮಾಡಿ ಬೆರಳು ಸವೆದ ಹೆಂಗಸರಿಗೆ ಮಷೀನು ಒಪ್ಪುವುದೇ ಇಲ್ಲ. ನಾನಿದ್ದ ಕಡೆ ಅಂಥವರಿಗೆ ಬೇರೆ ಮೇಜು ಹಾಕಿ ಕಾರ್ಡು, ಫೋಟೋ ನೋಡಿ ಕೊಡುತ್ತಿದ್ದೆವು. ವಯಸ್ಸಾದವರು, ಗರ್ಭಿಣಿಯರು ಚೀಲ ಹೊತ್ತು ಗುಡ್ಡ ಹತ್ತಲಾರರು, ಅವರಿಗೆ ಹೊರುವವರನ್ನು ಇಟ್ಟಿರುತ್ತಾರೆ. ಮಳೆ ನಮ್ಮ ಕರಾವಳಿಯ ಹಾಗೇ ಸುರಿಯುತ್ತದೆ, ಮಣ್ಣಿನ ಮೆಟ್ಟಿಲು ಜಾರುತ್ತದೆ. ಆಫೀಸಲ್ಲಿ ಕೂತು ಪ್ಲಾನ್ ಮಾಡುವವರಿಗೆ ಇದು ಹೊಳೆಯುವುದೇ ಇಲ್ಲ.

ತಲೆಗೆ ಸಿಗುವುದು ಎಷ್ಟು ಅಂದರೆ, 2023ರ ಶುರುವಿನಲ್ಲಿ ತಿಂಗಳಿಗೆ 12 ಡಾಲರ್ ಇತ್ತು. ದೇಣಿಗೆ ಬರಲಿಲ್ಲ ಅಂತ ಮಾರ್ಚ್‌ನಲ್ಲಿ 10ಕ್ಕೆ, ಜೂನ್‌ನಲ್ಲಿ 8ಕ್ಕೆ ಇಳಿಸಿದರು. 8 ಡಾಲರ್ ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 650 ರೂಪಾಯಿ. ದಿನಕ್ಕೆ 22 ರೂಪಾಯಿಯಲ್ಲಿ ಮೂರು ಹೊತ್ತು.

ಹೀಗೆ ಕಡಿತವಾದಾಗ ಮೊದಲು ಮೊಟ್ಟೆ ಹೋಗುತ್ತದೆ, ಆಮೇಲೆ ಮೀನು, ತರಕಾರಿ. ಅಕ್ಕಿ ಮಾತ್ರ ಉಳಿಯುತ್ತದೆ. ಆಮೇಲೆ ತಾಯಿ ಒಂದು ಹೊತ್ತು ಬಿಡುತ್ತಾಳೆ. ‘ನನಗೆ ಹಸಿವಿಲ್ಲ’ ಅನ್ನುವ ಮಾತು ಎಷ್ಟು ಮನೆಯಲ್ಲಿ ಕೇಳಿದೆನೋ ಲೆಕ್ಕ ಇಟ್ಟಿಲ್ಲ. ಆ ವರ್ಷದ ಕೊನೆಗೆ ಮಕ್ಕಳಲ್ಲಿ ತೀವ್ರ ಅಪೌಷ್ಟಿಕತೆ 15.1% ಮುಟ್ಟಿತು, 15 ದಾಟಿದರೆ ಅದು ತುರ್ತುಸ್ಥಿತಿ. 2024ರ ಜನವರಿಯಿಂದ ಮತ್ತೆ ಏರಿಸುತ್ತಾ ಬಂದು ಆಗಸ್ಟ್‌ಗೆ 12.50 ಮಾಡಿದರು. 2025ರ ಮಾರ್ಚ್‌ನಲ್ಲಿ ಏಪ್ರಿಲ್‌ನಿಂದ 6 ಡಾಲರ್ ಅಷ್ಟೇ ಅಂತ ಹೇಳಿ ಎಲ್ಲರ ಎದೆ ಒಡೆಸಿ, ಕೊನೆಗೆ 12ಕ್ಕೆ ನಿಲ್ಲಿಸಿದರು.

ಪ್ರಶ್ನೆ (ಅಂಗನವಾಡಿ ಕಾರ್ಯಕರ್ತೆ, ತುಮಕೂರು): ಮೇಡಂ, ಮಕ್ಕಳನ್ನು ತೂಕ ಮಾಡಿ ನೋಡ್ತಾರಾ ನಮ್ಮ ಹಾಗೆ?

ಉತ್ತರ: ತೂಕವೂ ಮಾಡುತ್ತಾರೆ, ತೋಳಿಗೆ ಪಟ್ಟಿಯನ್ನೂ ಸುತ್ತುತ್ತಾರೆ, ನಿಮಗೆ ಗೊತ್ತಿರುವ ಪಟ್ಟಿಯೇ. ತೋಳಿನ ಸುತ್ತಳತೆ 11.5 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಕೆಂಪು, 12.5ರವರೆಗೆ ಹಳದಿ. ಕೆಂಪು ಬಂದ ಮಗುವಿಗೆ ಶೇಂಗಾ ಪೇಸ್ಟ್‌ನ ಪೊಟ್ಟಣ ಕೊಡುತ್ತಾರೆ. ತಾಪತ್ರಯ ಏನೆಂದರೆ ಅದು ಸಿಹಿ. ಒಂದು ಮಗು ತಿನ್ನುವಾಗ ಉಳಿದ ಮೂರು ಮಕ್ಕಳು ಬಾಯಿ ಬಿಟ್ಟುಕೊಂಡು ಕೂತಿರುತ್ತವೆ, ಯಾವ ತಾಯಿ ತಾನೇ ಇಲ್ಲ ಅಂತಾಳೆ? ಅದಕ್ಕೇ ಮನೆ ರೇಷನ್ ಕಡಿಮೆಯಾದರೆ ಆ ಪೊಟ್ಟಣವೂ ಕೆಲಸ ಮಾಡುವುದಿಲ್ಲ.

ಪ್ರಶ್ನೆ (ಪಿರಿಯಾಪಟ್ಟಣ): ನಮ್ಮ ಬೈಲುಕುಪ್ಪೆಯಲ್ಲಿ ಟಿಬೆಟಿನವರಿಗೆ ಜಮೀನೇ ಕೊಟ್ಟರು, ಮುಸುಕಿನ ಜೋಳ ಬೆಳೆದುಕೊಂಡು ನೆಮ್ಮದಿಯಾಗಿದ್ದಾರೆ. ಅಲ್ಲೂ ಹಾಗೆ ಮಾಡಿದ್ದರೆ ವರ್ಷಾನುಗಟ್ಟಲೆ ಸುಮ್ನೆ ಊಟ ಹಾಕೋದು ತಪ್ಪುತ್ತಿತ್ತಲ್ಲ? ಸ್ಥಳೀಯರಿಗೆ ಸಿಟ್ಟು ಬರಲ್ವಾ?

ಉತ್ತರ: ಸರ್, ಆ ಕಾಲದಲ್ಲಿ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಡಲು ಜಾಗ ಇತ್ತು, ಬಂದವರು ಕೆಲವು ಸಾವಿರ. ಬಾಂಗ್ಲಾದಲ್ಲಿ ಸ್ವಂತ ರೈತನಿಗೇ ಅಂಗೈಯಗಲ ಜಮೀನು. ಬಂದವರನ್ನು ಇಲ್ಲೇ ನೆಲೆ ನಿಲ್ಲಿಸಿದರೆ ವಾಪಸ್ ಕಳಿಸಲು ಆಗುವುದಿಲ್ಲ ಅನ್ನುವ ಭಯವೂ ಅಲ್ಲಿನ ಸರ್ಕಾರಕ್ಕಿದೆ. ‘ಸುಮ್ನೆ ಊಟ’ ಅನ್ನುವುದನ್ನು ನಾನು ಒಪ್ಪಲ್ಲ, ದುಡಿಯಲು ಬಿಡದೆ ಸುಮ್ಮನೆ ಕೂರಿಸಿದವರು ಅವರಲ್ಲ.

ಸ್ಥಳೀಯರ ಸಿಟ್ಟು ಮಾತ್ರ ನ್ಯಾಯವಾದದ್ದು. ಶಿಬಿರಗಳಿರುವುದು ಉಖಿಯಾ, ಟೆಕ್ನಾಫ್ ಅಂತ ಎರಡು ಉಪಜಿಲ್ಲೆಯಲ್ಲಿ (ನಮ್ಮ ತಾಲ್ಲೂಕಿನ ಹಾಗೆ), ಅಡಿಕೆ ವೀಳ್ಯದೆಲೆಯ ಊರುಗಳು, ನಮ್ಮ ಕಡೆಗೇ ಹೋದ ಹಾಗೆ ಅನಿಸುತ್ತದೆ. 2017ರಲ್ಲಿ ಲಾರಿಗಳು ಬರುವ ಮೊದಲು ತಮ್ಮ ಮನೆಯ ಅನ್ನ ತಂದು ಬಡಿಸಿದವರು ಇದೇ ಜನ. ಆಮೇಲೆ ಕೂಲಿ ಇಳಿಯಿತು, ಮೀನು ತರಕಾರಿ ತುಟ್ಟಿಯಾಯಿತು, ಸೌದೆಗೆ ಗುಡ್ಡ ಬೋಳಾಯಿತು (2018ರಿಂದ ಗ್ಯಾಸ್ ಸಿಲಿಂಡರ್ ಕೊಡತೊಡಗಿದ ಮೇಲೆ ಹಸಿರು ಸ್ವಲ್ಪ ವಾಪಸ್ ಬಂತು). ಮ್ಯಾನ್ಮಾರ್ ಗಡಿಯ ನಾಫ್ ನದಿಯಲ್ಲಿ ಮೀನು ಹಿಡಿಯಬಾರದು ಅಂತ ಸರ್ಕಾರ ನಿಷೇಧ ಹಾಕಿತು, ಅದರಿಂದ ಹೊಟ್ಟೆ ಮೇಲೆ ಹೊಡೆತ ಬಿದ್ದದ್ದು ಟೆಕ್ನಾಫ್‌ನ ಮೀನುಗಾರನಿಗೆ. ಒಬ್ಬ ಮುದುಕ ನನ್ನನ್ನೇ ಕೇಳಿದ್ದ, ‘ನಾನೂ ಆ ಕಡೆ ಹೋಗಿ ಈ ಕಡೆ ಬಂದರೆ ನನಗೂ ಕಾರ್ಡ್ ಕೊಡ್ತೀಯಾ?’ ಏನು ಹೇಳಲಿ?

ಆ ಊರಿನ ಶಾಲೆ ಮಕ್ಕಳಿಗೆ ಪೌಷ್ಟಿಕ ಬಿಸ್ಕತ್ತು, ಹೆಂಗಸರಿಗೆ ಕಸುಬಿನ ತರಬೇತಿ ಎಲ್ಲ ಇತ್ತು. ನನ್ನ ಕೇಳಿದರೆ ಅದಕ್ಕಿಂತ ದೊಡ್ಡದು ಶಿಬಿರದ ಅಂಗಡಿಯ ತಾಜಾ ತರಕಾರಿ ವಿಭಾಗ. ಉಖಿಯಾದ ರೈತನ ಬದನೆ, ಮೂಲಂಗಿಯನ್ನು ಅಲ್ಲೇ ಕೊಂಡು ಶಿಬಿರಕ್ಕೆ ತರುತ್ತಾರೆ. ಕಾರ್ಡಿನ ದುಡ್ಡು ಅವನ ಜೇಬಿಗೂ ಬರುತ್ತದೆ. ಬಿಸ್ಕತ್ತು ಕೊಟ್ಟಾಗ ಸುಮ್ಮನಿದ್ದವರು, ಬದನೆ ಕೊಂಡಾಗ ನಮ್ಮ ಜೊತೆ ಚಹಾ ಕುಡಿಯಲು ಕೂತರು.

ಪ್ರಶ್ನೆ (ಮೊದಲ ವಿದ್ಯಾರ್ಥಿ): ಥ್ಯಾಂಕ್ಸ್ ಮೇಡಂ. ಈ ಕೆಲಸಕ್ಕೆ ಬರಬೇಕು ಅಂದ್ರೆ ಈಗಿಂದ ಏನು ಕಲಿಯಲಿ?

ಉತ್ತರ: ಎಕ್ಸೆಲ್ ಕಲಿಯಪ್ಪಾ, ತಮಾಷೆ ಅಲ್ಲ. ಆಮೇಲೆ ನಿನ್ನ ಏರಿಯಾದ ನ್ಯಾಯಬೆಲೆ ಅಂಗಡಿಯಲ್ಲಿ ಎರಡು ತಿಂಗಳು ಸ್ಟಾಕ್ ಪುಸ್ತಕ ನೋಡು, ಮೇಲಿನ ಹುಬ್ಬಳ್ಳಿ ಅಣ್ಣನಂಥವರನ್ನು ಕೇಳು. ಮೂಟೆಯಲ್ಲಿ ಅಕ್ಕಿ ಎಲ್ಲಿ ಕಡಿಮೆಯಾಗುತ್ತದೆ ಅಂತ ಅವರಿಗೆ ಗೊತ್ತಿರುವಷ್ಟು ನನಗೂ ಗೊತ್ತಿಲ್ಲ.