ಕೋಟಿಯ ಕೋಟೆಗೆ ಆರುನೂರರ ಲಗ್ಗೆ

ವಿಜಯಪುರ (ಸಮಸ್ಯೆ ಕೊಟ್ಟವರು):
ಕಾವ್ಯಬಂಧುಗಳೇ, ಈ ವಾರದ ಸಮಸ್ಯೆ ಭಾಮಿನಿ ಷಟ್ಪದಿಯ ಕೊನೆಯ ಸಾಲು:

“ಆರುನೂರರ ದಂಡು ಕೋಟಿಯ ಕೋಟೆಯೊಡೆದುದಲಾ”

ಮೇಲಿನ ಐದು ಸಾಲು ಬರೆದು ಪದ್ಯ ತುಂಬಿಸುವ ‘ಪೂರಣ’ ನಿಮ್ಮದು. ‘ಕೋಟಿ’ ಇಲ್ಲಿ ಬರಿಯ ಅಲಂಕಾರವಲ್ಲ, ಅದರ ಹಿಂದೆ ನಿಜವಾದ ಒಂದು ಸಂಖ್ಯೆಯಿದೆ.

ಬಾಗಲಕೋಟೆ:
ಸರ್, ನಾನು 1686ರಲ್ಲಿ ಔರಂಗಜೇಬನಿಗೆ ವಶವಾದ ನಿಮ್ಮೂರ ಕೋಟೆಯನ್ನೇ ಹಿಡಿದಿದ್ದೇನೆ. ನಾಲ್ಕನೆಯ ಸಾಲು “ಪುರದ ಹೆಬ್ಬಾಗಿಲಲಿ ಮೊಗಲರು” ಎಂದು ಬಂದಿದೆ. ಉಳಿದವನ್ನು ಸಂಜೆಗೆ ಕಳಿಸುತ್ತೇನೆ.

ವಿಜಯಪುರ:
ಹದಿನಾಲ್ಕು ಮಾತ್ರೆಗಳು ಸರಿಯಾಗಿಯೇ ಕೂತಿವೆ. ಆದರೆ ಸಾಲುಗಳ ಎರಡನೆಯ ವ್ಯಂಜನ ಒಂದೇ ಆಗಿರುವ ಆದಿಪ್ರಾಸದಲ್ಲಿ ಮೊದಲಕ್ಷರ ದೀರ್ಘವಾದರೆ ಗಜ, ಹ್ರಸ್ವವಾದರೆ ಸಿಂಹ; ‘ಆರು’ ಎಂಬ ದೀರ್ಘದಿಂದ ಹೊರಟ ಗಜಪ್ರಾಸದ ನಡುವೆ ‘ಪುರ’ ಎಂಬ ಹ್ರಸ್ವದ ಸಿಂಹ ನುಗ್ಗಿದೆಯಲ್ಲ! ಮೇಲಾಗಿ, ಆ ಮುತ್ತಿಗೆಗೆ ಬಂದ ದಂಡು ಬರೀ ಆರುನೂರರದಲ್ಲ.

ಜಮಖಂಡಿ:
ನನ್ನ ಪೂರಣವನ್ನು ಒಪ್ಪಿಸಿಕೊಳ್ಳಿ.

ಮೂರು ಮೊದಲಾದೈದು ಮಣಿಗಳ
ಹಾರ ಹರಿಯದ ಬೆಡಗ ಕಾಣುತ
ಆರನೆಯದೂ ಸೀಳದೆನ್ನುತ ಫರ್ಮ ನಂಬಿದನು
ಭೇರಿ ಹೊಯಿಸುತಲಾಯ್ಲರನು ಬರೆ
ಸೇರೆ ನಲವತ್ತೊಂದು ಕಾಲಾಳ್
ಆರುನೂರರ ದಂಡು ಕೋಟಿಯ ಕೋಟೆಯೊಡೆದುದಲಾ

ಎರಡರ ಘಾತವಾಗಿ 1, 2, 4, 8, 16 ಇಟ್ಟು ಒಂದನ್ನು ಕೂಡಿಸಿದರೆ ಸಿಗುವ 3, 5, 17, 257, 65537 ಇವೇ ಆ ಐದು ಮಣಿಗಳು, ಎಲ್ಲವೂ ಅವಿಭಾಜ್ಯ. ಇದನ್ನು ಕಂಡ ಗಣಿತಜ್ಞ ಫರ್ಮಾ 1640ರಲ್ಲಿ ಮುಂದಿನವೂ ಹಾಗೆಯೇ ಇರುವವೆಂದು ನಂಬಿದ. ಆರನೆಯದು 2³² + 1, ಅಂದರೆ 429 ಕೋಟಿ 49 ಲಕ್ಷ 67 ಸಾವಿರದ 297. ಇದನ್ನು 1732ರಲ್ಲಿ ಗಣಿತಜ್ಞ ಆಯ್ಲರ್ 641 × 6700417 ಎಂದು ಒಡೆದು ತೋರಿಸಿದ.

ಇದರ ಅಪವರ್ತನವು 64ರ ಗುಣಕಕ್ಕೆ ಒಂದು ಕೂಡಿಸಿದಂತೆಯೇ ಇರಬೇಕೆಂದು ಅವನೇ ಮುಂದೆ ಸಾಧಿಸಿದ್ದರಿಂದ, ಪರೀಕ್ಷಿಸಬೇಕಾದ ಅವಿಭಾಜ್ಯಗಳು 193, 257, 449, 577, ಆಮೇಲೆ 641. ಐದನೆಯ ಏಟಿಗೇ ಬಾಗಿಲು ಬೀಳುತ್ತದೆ. ಭಾಗಾಕಾರವೂ ಬೇಡವೆನ್ನುವವರಿಗೆ ಇನ್ನೊಂದು ದಾರಿಯಿದೆ. 641 ಎಂದರೆ 5 × 2⁷ + 1, ಹಾಗೆಯೇ 5⁴ + 2⁴. ಆದ್ದರಿಂದ 641ರಿಂದ ಭಾಗಿಸುವಾಗ 5 × 2⁷ರ ಶೇಷ −1; ನಾಲ್ಕನೆಯ ಘಾತಕ್ಕೇರಿಸಿದರೆ 5⁴ × 2²⁸ರ ಶೇಷ 1; ಅಲ್ಲಿ 5⁴ರ ಜಾಗದಲ್ಲಿ −2⁴ ಇಟ್ಟರೆ −2³²ರ ಶೇಷ 1 ಆಗಿ, 2³² + 1 ನಿಶ್ಶೇಷವಾಗಿ ಭಾಗವಾಗುತ್ತದೆ.

ಬಾಗಲಕೋಟೆ:
ಅಕ್ಕಾವರೇ, ನನ್ನ ಮೊಗಲರನ್ನು ಹಿಂದಕ್ಕೆ ಕರೆಸಿಕೊಂಡೆ.

ವಿಜಯಪುರ:
ಫರ್ಮಾನ ಕೊನೆಯ ದೀರ್ಘವನ್ನು ಛಂದಸ್ಸಿಗಾಗಿ ಕತ್ತರಿಸಿದ್ದನ್ನು ನಾನು ಸುಲಭವಾಗಿ ಕ್ಷಮಿಸಲಾರೆ. ಆದರೆ ಸಮಸ್ಯೆಯಲ್ಲಿ ಬೇಕೆಂದೇ ಬಿಟ್ಟಿದ್ದ ನಲವತ್ತೊಂದನ್ನು ಕಾಲಾಳುಗಳಾಗಿ ಕರೆತಂದದ್ದಕ್ಕೆ ಪೂರಣ ಒಪ್ಪಿತವಾಯಿತು. ಮುಂದಿನ ಸಮಸ್ಯೆ:

“ಒಡೆದುದೆಂಬರು ಚೂರು ಮಾತ್ರಂ ಕಣ್ಗೆ ಕಾಣಿಸದು”

2⁶⁷ − 1 ಅವಿಭಾಜ್ಯವಲ್ಲವೆಂದು 1876ರಲ್ಲಿ ಗಣಿತಜ್ಞ ಲೂಕಾ ತೋರಿಸಿದರೂ ಅದರ ಅಪವರ್ತನಗಳನ್ನು ಇನ್ನೊಬ್ಬ ಗಣಿತಜ್ಞ ಕೋಲ್ ಮುಂದಿಟ್ಟದ್ದು 1903ರಲ್ಲಿ. ಆ ನಡುವಿನ ಇಪ್ಪತ್ತೇಳು ವರ್ಷಗಳನ್ನು ಹಿಡಿಯಬಹುದು. ಈ ಸಲ ಮೊದಲಕ್ಷರ ಹ್ರಸ್ವ, ಬಾಗಲಕೋಟೆಯವರು ತಮ್ಮ ಸಿಂಹವನ್ನು ಧಾರಾಳವಾಗಿ ಬಿಡಲಿ.