ಟೂಲ್ ಡಿಸ್ಕ್ರಿಪ್ಶನ್ ತಿದ್ದಿದ್ಮ್ಯಾಲೆ ಏಜೆಂಟ್ ಸುಧಾರಿಸೇತೋ ಇಲ್ಲೋ ಹೆಂಗ್ ನೋಡೋದ್ರಿ?

ಗಂಗಾವತಿ_ಭತ್ತ

ನಮಸ್ಕಾರ್ರಿ ಎಲ್ಲಾರಿಗೂ. ನಮ್ಮ ಗಂಗಾವತಿ ಕಡೆ ದಲಾಲಿ ಅಂಗಡಿಯವ್ರಿಗೆ ಒಂದು ವಾಟ್ಸಾಪ್ ಬಾಟ್ ಮಾಡಾಕತ್ತೀನಿ, ಹಿಂದ ಎಲ್‌ಎಲ್‌ಎಂ (ಚಾಟ್‌ಜಿಪಿಟಿಯಂಥಾ ಭಾಷಾ ಮಾಡೆಲ್) ಐತಿ, ಅದ ಏಜೆಂಟ್ ಆಗಿ ಬೇಕಾದ ಟೂಲ್ ಕರಿತೈತಿ. ಎಂಸಿಪಿ ಸರ್ವರ್‌ನ್ಯಾಗ (ಮಾಡೆಲ್‌ಗೆ ಹೊರಗಿನ ಟೂಲ್ ಜೋಡ್ಸೋ ವ್ಯವಸ್ಥಾ) ಆರು ಟೂಲ್, ಅಂದ್ರ ಮಾಡೆಲ್ ಕರಿಯೋ ಫಂಕ್ಷನ್, ಇಟ್ಟೀನಿ, ಒಂದೊಂದಕ್ಕೂ ಅದು ಏನ್ ಮಾಡ್ತೈತಿ ಅಂತ ಡಿಸ್ಕ್ರಿಪ್ಶನ್ ಬರ್ದೀನಿ. ಅದ್ರಾಗ ಎರಡು ಭಾಳ ಕಾಟ ಕೊಡಾಕತ್ತಾವು, ಒಂದ್ರ ಹೆಸರು ಗೆಟ್_ರೇಟ್, ಇನ್ನೊಂದ್ರದ್ದು ಗೆಟ್_ಪ್ರೈಸ್ (ನಗಬ್ಯಾಡ್ರಿ, ಒಂದು ನಾ ಬರ್ದಿದ್ದು, ಒಂದು ನನ್ ಪಾರ್ಟ್ನರ್ ಬರ್ದಿದ್ದು). ಒಂದು ಭತ್ತದ್ದು, ಒಂದು ಅಕ್ಕಿದು. "ಸೋನಾ ಇವತ್ತ ಹೆಂಗೈತಿ" (ಸೋನಾ ಮಸೂರಿ, ಭತ್ತಕ್ಕೂ ಅಕ್ಕಿಗೂ ಅದ ಹೆಸರು) ಅಂತ ಕೇಳಿದ್ರ ಒಮ್ಮೆ ಅದನ್ನ ಕರಿತೈತಿ, ಒಮ್ಮೆ ಇದನ್ನ.

ಮೊನ್ನೆ ಟೂಲ್ 75 ಕೆಜಿ ಚೀಲದ ರೇಟು 1800 ಅಂತ ಕೊಟ್ರ ಬಾಟು ಕ್ವಿಂಟಾಲಿಗೆ 1800 ಅಂತ ಹೇಳಿಬಿಡ್ತು. ಅಂಗಡಿ ಮಾಲಕ್ರು ಫೋನ್ ಹಚ್ಚಿ "ಏನಪಾ, ಕ್ವಿಂಟಾಲಿಗೆ 600 ರೂಪಾಯಿ ನುಂಗಿಬಿಟ್ಟೆಲ್ಲ" ಅಂದ್ರು. ರಾತ್ರಿ ಕುಂತು ಡಿಸ್ಕ್ರಿಪ್ಶನ್ ಎಲ್ಲಾ ಹೊಸದಾಗಿ ಬರ್ದೆ, ಐದಾರು ಪ್ರಶ್ನೆ ಹಾಕಿ ನೋಡಿದೆ, ಎಲ್ಲಾ ಬರೋಬ್ಬರಿ ಬಂದ್ವು. ಮುಂಜಾನೆ ಮತ್ತ ಅದ ಹಣೆಬರಾ. ಸುಮ್ನ ಕಣ್ಣಳತಿ ಮಾಡೋದು ಬಿಟ್ಟು ಸರಿಯಾಗಿ ಅಳಿಯೋದು ಹೆಂಗ್ರಿ?

ಎಡದಂಡೆ_ಟೇಲೆಂಡ್

ರಾಯಚೂರಿಂದ. ನಮ್ದೂ ಇದ ಕಥಿ ಇತ್ತು, ನಮ್ ಟೂಲ್ ಡ್ಯಾಮ್ ಮಟ್ಟ ಅಡಿಯೊಳಗ ಕೊಡ್ತಿತ್ತು, ಯೂನಿಟ್ ಎಲ್ಲೂ ಬರ್ದಿರ್ಲಿಲ್ಲ. ಏಜೆಂಟು ತುಂಗಭದ್ರಾದಾಗ 1630 ಟಿಎಂಸಿ ನೀರದ ಅಂತ ಹೇಳ್ತು! ಫುಲ್ ಆದ್ರೂ 105 ಚಿಲ್ಲರೆ ಟಿಎಂಸಿ ಹಿಡಿಯೋ ಡ್ಯಾಮ್ರೀ ಅದು, ಅಷ್ಟ್ ನೀರಿದ್ರ ನಮ್ ಕಾಲುವಿ ಕೊನಿತನಾ ಬರ್ತಿರ್ಲಿಲ್ಲೇನು.

ಮೊದ್ಲು ಒಂದು ಮಾತು, ಮಾಡೆಲ್‌ಗೆ ನಿಮ್ ಕೋಡ್ ಕಾಣಂಗಿಲ್ಲ, ಟೂಲಿನ ಹೆಸರು, ಡಿಸ್ಕ್ರಿಪ್ಶನ್, ಇನ್‌ಪುಟ್ ಸ್ಕೀಮಾ (ಟೂಲಿಗೆ ಏನೇನ್ ಮಾಹಿತಿ ಕೊಡ್ಬೇಕು ಅನ್ನೋ ಪಟ್ಟಿ) ಇಷ್ಟ ಕಾಣ್ತದ. ಹಂಗಾಗಿ ಅಳಿಯೋದು ಕೊನಿ ಉತ್ರ ಅಲ್ಲ, ನಡುವ ಯಾವ ಟೂಲ್ ಕರೀತು, ಅದಕ್ಕ ಏನ್ ಆರ್ಗ್ಯುಮೆಂಟ್ (ಮಾಹಿತಿ) ಕೊಡ್ತು ಅನ್ನೋದು. ಉತ್ರ ಸರಿ ಇದ್ದು ಕಾಲ್ ತಪ್ಪಿರ್ತದ ಎಷ್ಟೋ ಸಲ. ನಾವು ವಾಟ್ಸಾಪ್‌ನಾಗ ಜನ ಹೆಂಗ್ ಕೇಳ್ತಾರೋ ಹಂಗ ಒಂದು ನಲವತ್ತು ಪ್ರಶ್ನಿ ಎತ್ತಿಟ್ಕೊಂಡು ಪ್ರತಿಯೊಂದಕ್ಕೂ ಯಾವ ಕಾಲ್ ಹೋಗ್ಬೇಕು ಅಂತ ಕೈಲೆ ಬರ್ದ್ವಿ, ಹಳೇ ಡಿಸ್ಕ್ರಿಪ್ಶನ್‌ಗೂ ಹೊಸದಕ್ಕೂ ಅವೇ ಪ್ರಶ್ನಿ, ಒಂದೊಂದು ಐದೈದು ಸಲ ಓಡ್ಸಿದ್ವಿ. ಐದ್ರಾಗ ಮೂರು ಸಲ ಸರಿ ಬಂದ್ರ ಅದು ಸರಿ ಅಲ್ಲ, ನಸೀಬು. ನೀವು ರಾತ್ರಿ ನೋಡಿದ್ದು ಅದನ್ನ.

ಇನ್ನೊಂದು, ಅರ್ಧ ಪ್ರಶ್ನಿ ಮುಚ್ಚಿಡ್ರಿ, ತಿದ್ದುವಾಗ ಅವನ್ನ ನೋಡಬ್ಯಾಡ್ರಿ. ಇಲ್ಲಾಂದ್ರ ತಪ್ಪಿದ ಪ್ರಶ್ನಿ ಮಾತನ್ನ ತಂದು ಡಿಸ್ಕ್ರಿಪ್ಶನ್‌ದಾಗ ತುರುಕ್ತೀರಿ, ಪೇಪರ್ ಲೀಕ್ ಆದ ಪರೀಕ್ಷಿ ಆಗ್ತದ.

ಕೋಡ್_ಮಿರ್ಚಿ

ಇಷ್ಟೆಲ್ಲಾ ಯಾಕೆ? ಇನ್ನೊಂದು ಎಲ್‌ಎಲ್‌ಎಂಗೆ ಕೊಟ್ಟು "ಈ ಡಿಸ್ಕ್ರಿಪ್ಶನ್ ಸ್ಪಷ್ಟ ಐತಾ, ಹತ್ತಕ್ಕೆ ಎಷ್ಟು ಮಾರ್ಕ್ಸ್" ಅಂತ ಕೇಳಿ, ಮುಗೀತು.

ಎಡದಂಡೆ_ಟೇಲೆಂಡ್

ಮಾಡಿ ನೋಡೀವಿ. ಆ 1630ರ ಟೂಲಿಗೆ ಒಂಬತ್ತು ಮಾರ್ಕ್ಸ್ ಬಿದ್ದಿತ್ತು 😄 ಬರವಣಿಗಿ ಚಂದ ಇತ್ತು, ಅಡಿನೋ ಟಿಎಂಸಿನೋ ಅನ್ನೋದ ಇರ್ಲಿಲ್ಲ.

ಬಳ್ಳಾರಿ_ಬಿಸಿಲು

ಮೇಲಿನೋರು ಹೇಳಿದ್ದು ಸರಿ ಐತೆ ಆದ್ರೆ ಒಂದು ಬಿಟ್ರು. ಟೂಲ್ ಕರೀಲೇಬಾರದ ಪ್ರಶ್ನೆಗಳೂ ಬೇಕು. ಬರ್ಕ್ಲಿ ಯೂನಿವರ್ಸಿಟಿಯೋರ ಫಂಕ್ಷನ್ ಕಾಲಿಂಗ್ ಲೀಡರ್‌ಬೋರ್ಡ್‌ನಾಗೆ ಅದಕ್ಕಂತಾನೇ ಒಂದು ವಿಭಾಗ ಇಟ್ಟವ್ರೆ. ನಿಮ್ಮ ಬಾಟಿಗೆ "ನಾಳೆ ರೇಟ್ ಏರ್ತೈತಾ" ಅಂತ ಕೇಳಿ ನೋಡಿ, ನಾಳೆ ತಾರೀಕು ಹಾಕಿ ಟೂಲ್ ಕರೀತು ಅಂದ್ರೆ "ಮುಂದಿನ ದಿನದ ರೇಟ್ ಇದ್ರಲ್ಲಿ ಸಿಗಲ್ಲ" ಅಂತ ನೀವು ಬರ್ದಿಲ್ಲ ಅಂತಲೇ ಅರ್ಥ. ಮತ್ತೆ ಒಂದು ಟೂಲ್ ತಿದ್ದಿದಾಗ ಆರಕ್ಕೂ ಟೆಸ್ಟ್ ಓಡ್ಸಿ, ಒಂದರ ಡಿಸ್ಕ್ರಿಪ್ಶನ್ ಜೋರಾಗಿ ಬರೆದ್ರೆ ಪಕ್ಕದ ಟೂಲಿನ ಗಿರಾಕಿನೂ ಅದೇ ಎಳ್ಕೊಂತೈತೆ.

ಖರೇ ಹೇಳ್ಬೇಕಂದ್ರೆ ನಿಮ್ದು ಡಿಸ್ಕ್ರಿಪ್ಶನ್ ರೋಗನೇ ಅಲ್ಲ. ಎರಡೂ ಟೂಲ್ ಸೇರ್ಸಿ ಒಂದು ಮಾಡಿ, ಸರಕು ಅಂತ ಒಂದು ಪ್ಯಾರಾಮೀಟರ್ ಇಡಿ, ಭತ್ತ ಅಥವಾ ಅಕ್ಕಿ, ಎರಡೇ ಆಯ್ಕೆ, ಈನಮ್ (ಕೊಟ್ಟ ಆಯ್ಕೆ ಬಿಟ್ಟು ಬೇರೆ ತಗೊಳ್ಳದಂಗೆ ಕಟ್ಟೋದು) ಹಾಕಿ. ಚೀಲನೋ ಕ್ವಿಂಟಾಲೋ ಅನ್ನೋದು ಡಿಸ್ಕ್ರಿಪ್ಶನ್‌ನಾಗೂ ಇರ್ಲಿ, ವಾಪಸ್ ಬರೋ ಡೇಟಾದಾಗೂ ಇರ್ಲಿ.

ಗಂಗಾವತಿ_ಭತ್ತ

ಎರಡು ದಿನ ಬಿಟ್ಟು ಬಂದೆ. ಸೇರ್ಸಿ ಒಂದ ಟೂಲ್ ಮಾಡೀನಿ, ಮೂವತ್ತು ಪ್ರಶ್ನೆ ಬರ್ದೆ, ಹತ್ತು ಮುಚ್ಚಿಟ್ಟೀನಿ. ಚೀಲದ ತಪ್ಪು ಒಂದೂ ಬರ್ಲಿಲ್ಲ. ನಾಳಿ ರೇಟಿಂದು ಐದಕ್ಕ ಐದೂ ತಪ್ಪಿತ್ತು, ಒಂದು ಸಾಲು ಸೇರ್ಸಿದ ಮ್ಯಾಲೆ ನಿಂತ್ತು.

ಆದ್ರ "ಸೋನಾ ಹೆಂಗೈತಿ"ಗೆ ಏನ್ ಸರಿ ಉತ್ರ ಅಂತ ಬರಿಯಾಕ ಕುಂತಾಗ ನನಗ ಗೊತ್ತಾಗ್ಲಿಲ್ಲ ನೋಡ್ರಿ. ಪಾರ್ಟ್ನರ್ ಭತ್ತ ಅಂದ, ನಾ ಅಕ್ಕಿ ಅಂದೆ. ಮಾಲಕ್ರಿಗೆ ಕೇಳಿದ್ರ "ಕೇಳಿದಾವ ಯಾರು? ರೈತ ಆದ್ರ ಭತ್ತ, ಕಿರಾಣಿಯಾವ ಆದ್ರ ಅಕ್ಕಿ" ಅಂದ್ರು. ಈಗ ಆ ಪ್ರಶ್ನೆಗೆ ಸರಿ ಉತ್ರದ ಕಾಲಂನ್ಯಾಗ "ಟೂಲ್ ಕರಿಬಾರ್ದು, ತಿರುಗಿ ಕೇಳ್ಬೇಕು" ಅಂತ ಬರ್ದೀನಿ.

ಎಡದಂಡೆ_ಟೇಲೆಂಡ್

ಕೇಳಾವ್ರ ನಂಬರು ಅಂಗಡಿಯವರ ಹತ್ರ ರಿಜಿಸ್ಟರ್ ಆಗಿರ್ತದಲ್ರಿ, ರೈತನೋ ಕಿರಾಣಿನೋ ಅಂತ ಅಲ್ಲಿಂದ ತಗೋರಿ. ಪಾಪ ಅವ್ರಿಗ್ಯಾಕ ಎರಡೆರಡು ಸಲ ಟೈಪ್ ಮಾಡಸ್ತೀರಿ.